ಕ್ರೀಟ್ ದ್ವೀಪದ ಗಾಳಿಯ ದಂಡೆಗಳಲ್ಲಿ

ಆಷಾಢವೆಂದರೆ ನಮ್ಮ ಗದಗ ಸೀಮೆಗೆ ಗಾಳಿಯ ಮಾಸ. ಘಟ್ಟದ ಮೇಲೆ ಮಳೆಯನ್ನೆಲ್ಲ ಸುರಿಸಿ ಬಂದ ಪಡುವಣ ಗಾಳಿ ನಮ್ಮ ಬಯಲನ್ನು ಮುಟ್ಟುವ ಹೊತ್ತಿಗೆ ಬರಿಗೈಯಾಗಿರುತ್ತದೆ. ಆದರೂ ಅದರ ಆರ್ಭಟಕ್ಕೇನೂ ಕೊರತೆಯಿಲ್ಲ. ಕದಗಳನ್ನು ಬಡಿಯುತ್ತದೆ, ತಗಡು ಹಾರಿಸುತ್ತದೆ, ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹಗಲಿರುಳೆನ್ನದೆ ತಿರುಗಿಸುತ್ತದೆ. ಈ ಗಾಳಿಗೆ ದೂರದ ಮೆಡಿಟರೇನಿಯನ್ ಸಮುದ್ರದಲ್ಲಿ ಒಬ್ಬ ದಾಯಾದಿ ಇದ್ದಾನೆಂಬುದು ನಮಗೆ ತಿಳಿದದ್ದು 2022ರ ಆಷಾಢದಲ್ಲಿ, ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಹೋದಾಗ.

ಆ ಗಾಳಿಯನ್ನು ಅಲ್ಲಿಯ ಜನ ಮೆಲ್ಟೆಮಿ ಎನ್ನುತ್ತಾರೆ. ಪ್ರಾಚೀನ ಗ್ರೀಕರು ವರ್ಷಕ್ಕೊಮ್ಮೆ ತಪ್ಪದೆ ಬರುವ ಗಾಳಿಯೆಂಬ ಅರ್ಥದಲ್ಲಿ ಅದನ್ನು ಎಟೀಸಿಯನ್ ಎಂದು ಕರೆದಿದ್ದರು. ಬೇಸಿಗೆಯಲ್ಲಿ ನಮ್ಮ ವಾಯುವ್ಯದ ಮರುಭೂಮಿ ಕಾದು ಅಲ್ಲಿ ವಾಯುಭಾರ ಕುಸಿಯುತ್ತದೆಂದು ಶಾಲೆಯಲ್ಲಿ ಓದಿದ್ದೇವೆ. ಆ ಕುಸಿತದ ಒಂದು ತೋಳು ಇರಾನ್ ದೇಶವನ್ನು ಹಾಯ್ದು ತುರ್ಕಿಯವರೆಗೂ ಚಾಚಿಕೊಂಡಿರುತ್ತದೆ. ಪೂರ್ವದ ತುದಿಯು ಅರಬ್ಬೀ ಸಮುದ್ರದಿಂದ ಮುಂಗಾರನ್ನು ಎಳೆದು ತರುತ್ತದೆ. ಪಶ್ಚಿಮದ ತುದಿಯು ಬಾಲ್ಕನ್ ಪ್ರದೇಶದ ಮೇಲಿನ ಅಧಿಕ ವಾಯುಭಾರದೊಡನೆ ಸೇರಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಒಣ ಗಾಳಿಯನ್ನು ಅಟ್ಟುತ್ತದೆ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಮೇಲೇರುವುದರ ಪರಿಣಾಮವಾಗಿಯೇ ಪೂರ್ವ ಮೆಡಿಟರೇನಿಯನ್ನಿನ ಮೇಲೆ ಗಾಳಿ ಕೆಳಗಿಳಿದು ಅಲ್ಲಿಯ ಬಾನನ್ನು ಮೋಡವಿಲ್ಲದಂತೆ ಮಾಡುತ್ತದೆಂದು ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ವಿಜ್ಞಾನಿಗಳು 1996ರಲ್ಲಿ ತೋರಿಸಿಕೊಟ್ಟರು. ನಾವು ಮಳೆಗಾಲವೆನ್ನುವುದನ್ನೇ ಅವರು ಬೇಸಿಗೆಯ ರಜೆ ಎನ್ನುತ್ತಾರೆ. ಇದನ್ನು ನಾವಿಕರು ವಿಜ್ಞಾನಿಗಳಿಗಿಂತ ಎಷ್ಟೋ ಮೊದಲೇ ಅರಿತಿದ್ದರು. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನು ವರ್ಣಿಸುವ, ಕ್ರಿ.ಶ. ಒಂದನೆಯ ಶತಮಾನದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥದಲ್ಲಿ, ತಮ್ಮಲ್ಲಿ ಎಟೀಸಿಯನ್ ಬೀಸುವ ಹೊತ್ತಿಗೇ ಭಾರತದ ಕಡಲಿನಲ್ಲಿ ನೈಋತ್ಯದ ಗಾಳಿ ಏಳುತ್ತದೆಂಬ ಮಾತಿದೆ.

ನಮ್ಮ ಮಗ ಜರ್ಮನಿಯ ಕೊಲೋನ್ ನಗರದಲ್ಲಿ ನೌಕರಿಯಲ್ಲಿದ್ದಾನೆ. ಆ ವರ್ಷ ಮೊಮ್ಮಗನ ಶಾಲೆಗೆ ರಜೆ ಬಿದ್ದಾಗ ಸೊಸೆಯೇ ಮುಂದಾಗಿ ಕ್ರೀಟಿನ ಪ್ರವಾಸವನ್ನು ಗೊತ್ತುಮಾಡಿದಳು. ವಿಮಾನವು ಇಳಿದ ಊರಿನ ಹೆಸರು ಹಾನಿಯಾ. ಹೆಸರು ಕೇಳಿ ನಮ್ಮ ಮನೆಯವರು, “ಹಾನಿ ಅಂತ ಯಾರರೆ ಊರಿಗೆ ಹೆಸರಿಡ್ತಾರೇನು?” ಎಂದು ನಕ್ಕರು. ಅಲ್ಲಿಂದ ಬೆಟ್ಟದ ತಿರುವುಗಳನ್ನು ದಾಟಿ ದಕ್ಷಿಣಕ್ಕೆ ಸುಮಾರು 75 ಕಿ.ಮೀ. ಹೋದರೆ ಪಾಲಿಯೋಖೋರಾ ಎಂಬ ಸಣ್ಣ ಊರು. ನಾವು ಇಳಿದುಕೊಂಡದ್ದು ಅಲ್ಲಿ, ಒಬ್ಬ ಮುದುಕಿಯ ಮನೆಯ ಮಹಡಿಯ ಮೇಲೆ. ಆಕೆ ಪ್ರಾಯದಲ್ಲಿ ಜರ್ಮನಿಯ ಕಾರ್ಖಾನೆಯೊಂದರಲ್ಲಿ ದುಡಿದವಳು. 1960ರಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾದ ಮೇಲೆ ಗ್ರೀಸಿನಿಂದ ಸಹಸ್ರಾರು ಜನ ಹಾಗೆ ಕೂಲಿಗೆಂದು ಹೋದರು. ಆಕೆಯ ಹರಕು ಜರ್ಮನ್ ಭಾಷೆಯನ್ನು ನಮ್ಮ ಮಗ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಅಜ್ಜಿಗೆ ಗ್ರೀಕ್ ಭಾಷೆಯಲ್ಲಿ ಯಾಯಾ ಎನ್ನುತ್ತಾರೆ. ಮೊಮ್ಮಗ ಮೊದಲ ದಿನವೇ ಆಕೆಯನ್ನು ಹಾಗೆ ಕರೆಯತೊಡಗಿದ್ದರಿಂದ ನಮಗೂ ಆಕೆ ಯಾಯಾ ಆದಳು.

ಕ್ರೀಟಿನ ದಂಡೆಗಳ ಗುಣ ತಿಳಿಯಬೇಕಾದರೆ ಅದರ ಆಕಾರವನ್ನು ತಿಳಿಯಬೇಕು. ಪೂರ್ವ ಪಶ್ಚಿಮವಾಗಿ ಸುಮಾರು 260 ಕಿ.ಮೀ. ಉದ್ದ, ಅಗಲವಾದರೋ ಕೆಲವೆಡೆ 12 ಕಿ.ಮೀ. ಮಾತ್ರ. ನಡುವೆ 2,400 ಮೀಟರಿಗೂ ಮಿಕ್ಕಿದ ಬೆಟ್ಟಗಳು. ಉತ್ತರದಿಂದ ಬರುವ ಗಾಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಂತೆ ದ್ವೀಪವು ಮಲಗಿದೆ. ಉತ್ತರದ ದಂಡೆಗಳಿಗೆ ಗಾಳಿ ಸಮುದ್ರದಿಂದ ನೇರವಾಗಿ ಬಡಿಯುತ್ತದೆ; ತೆರೆಗಳು ಎದ್ದು ಕಾಣುತ್ತವೆ. ದಕ್ಷಿಣದಲ್ಲಿ ಅದೇ ಗಾಳಿ ಬೆಟ್ಟವನ್ನೇರಿ ಕಂದರಗಳಲ್ಲಿ ನುಸುಳಿ, ಇದ್ದಕ್ಕಿದ್ದಂತೆ ಮೇಲಿನಿಂದ ಕೆಳಗೆ ಬೀಳುತ್ತದೆ. ಅಲ್ಲಿ ದಂಡೆಯ ನೀರು ಕೆರೆಯ ನೀರಿನಂತೆ ಶಾಂತವಾಗಿ ಕಾಣುತ್ತದೆ.

ಪಾಲಿಯೋಖೋರಾ ಸಮುದ್ರದೊಳಕ್ಕೆ ಚಾಚಿದ ನಾಲಿಗೆಯಂಥ ನೆಲದ ಮೇಲಿದೆ. ತುದಿಯಲ್ಲಿ ವೆನೀಸಿನವರು 13ನೆಯ ಶತಮಾನದಲ್ಲಿ ಕಟ್ಟಿದ ಕೋಟೆಯ ಅವಶೇಷ. ಊರಿಗೆ ಎರಡು ದಂಡೆಗಳು. ಪಶ್ಚಿಮಕ್ಕೆ ಉಸುಕಿನ ದಂಡೆ. ಪೂರ್ವಕ್ಕೆ ನುಣುಪು ಹರಳುಗಳ ದಂಡೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷಗಳ ನಡಿಗೆ. ಒಂದು ಕಡೆ ಗಾಳಿ ಜೋರಾದರೆ ಜನ ಚಾಪೆ, ಛತ್ರಿಗಳನ್ನು ಎತ್ತಿಕೊಂಡು ಇನ್ನೊಂದು ಕಡೆಗೆ ಹೋಗುತ್ತಾರೆ. ಊರೆಲ್ಲ ಹೀಗೆ ಗಾಳಿಗೆ ಬೆನ್ನು ಕೊಟ್ಟು ಅತ್ತಿಂದಿತ್ತ ಸರಿಯುವುದನ್ನು ನೋಡುವುದೇ ನಮಗೊಂದು ವಿನೋದವಾಗಿತ್ತು.

ಮೊದಲ ಎರಡು ದಿನ ಉಸುಕಿನ ಕಡೆಗಿದ್ದೆವು. ಮೂರನೆಯ ದಿನ ಪಡುವಣ ದಿಕ್ಕಿನ ಗಾಳಿ ಎದ್ದಿತು. ಉಸುಕು ಮೀನಖಂಡಗಳಿಗೆ ಸೂಜಿಯಂತೆ ಚುಚ್ಚತೊಡಗಿತು. ನಮ್ಮ ಮನೆಯವರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈಯಲ್ಲಿ ರೊಟ್ಟಿಯ ಡಬ್ಬಿ ಹಿಡಿದು ನಡೆದರು. ಎಲ್ಲರೂ ಹರಳಿನ ದಂಡೆಗೆ ಹೋದೆವು. ಅಲ್ಲಿ ಗಾಳಿಯೇ ಇಲ್ಲವೆನಿಸಿತು. ಊರಿನ ಮನೆಗಳು ಮರೆಯಾಗಿದ್ದವು. ನೀರು ಕನ್ನಡಿಯಂತಿತ್ತು, ಕೆಳಗಿನ ಹರಳುಗಳು ಎಣಿಸುವಷ್ಟು ನಿಚ್ಚಳವಾಗಿದ್ದವು. ನಡುವೆ ನಾಲ್ಕಾರು ಮೀನುದೋಣಿಗಳು ಲಂಗರು ಹಾಕಿ ನಿಂತಿದ್ದವು. ಅಷ್ಟೂ ದೋಣಿಗಳು ಊರಿನ ಕಡೆಗೆ ಮೂತಿ ಮಾಡಿ ನಿಂತಿದ್ದವು.

ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ಜರ್ಮನಿಯ ಈಜುಗೊಳದಲ್ಲಿ 25 ಮೀಟರ್ ಈಜಿದ ಮಕ್ಕಳಿಗೆ ಕಡಲಕುದುರೆಯ ಚಿತ್ರವಿರುವ ಬಿಲ್ಲೆಯನ್ನು ಕೊಡುತ್ತಾರೆ. ಅದನ್ನು ಅವನು ಎರಡು ವರ್ಷಗಳ ಹಿಂದೆಯೇ ಗಳಿಸಿ ಚಡ್ಡಿಗೆ ಹೊಲಿಸಿಕೊಂಡಿದ್ದ. ಗಾಳಿ ತುಂಬಿದ ದೊಡ್ಡ ಪ್ಲಾಸ್ಟಿಕ್ ಚೆಂಡಿನೊಂದಿಗೆ ಎದೆಮಟ್ಟದ ನೀರಿನಲ್ಲಿ ತಂದೆಯ ಜೊತೆಗೆ ಆಡುತ್ತಿದ್ದ. ಚೆಂಡು ಒಮ್ಮೆ ಕೈತಪ್ಪಿ ನಾಲ್ಕು ಮಾರು ಆಚೆ ಬಿತ್ತು. ಹುಡುಗ ಅದರ ಹಿಂದೆ ಹೋದ. ಕೈ ಚಾಚಿದರೆ ಸಿಗಬೇಕು, ಅಷ್ಟರಲ್ಲಿ ಚೆಂಡು ಒಂದು ಮಾರು ಮುಂದಕ್ಕೆ ಜಾರಿತು. ಮತ್ತೆ ಈಜಿದ, ಮತ್ತೆ ಜಾರಿತು. ಅದೇನು ಓಡಿಹೋಗುವಂತೆ ಕಾಣಲಿಲ್ಲ, ಬಾ ಬಾ ಎಂದು ಕರೆಯುವಂತೆ ಒಂದೇ ಮಾರಿನ ಅಂತರವನ್ನಿಟ್ಟುಕೊಂಡು ಹೋಗುತ್ತಿತ್ತು.

ಮೇಲೆ ರಸ್ತೆಯಿಂದ ಯಾರೋ ಕೂಗಿದ ಸದ್ದು ಕೇಳಿತು. ತರಕಾರಿಯ ಚೀಲ ಹಿಡಿದಿದ್ದ ಯಾಯಾ. ಚೀಲವನ್ನು ಅಲ್ಲಿಯೇ ಬಿಟ್ಟು ಎರಡೂ ಕೈಗಳನ್ನು ತಲೆಯ ಮೇಲೆ ಬೀಸುತ್ತಿದ್ದಳು. ಭಾಷೆ ತಿಳಿಯದಿದ್ದರೂ ಧ್ವನಿ ತಿಳಿಯಿತು. ಮಗ ಈಜುತ್ತ ಹೊರಟ. ನಾವು ನೋಡುತ್ತಿದ್ದಂತೆಯೇ ಹುಡುಗನ ತಲೆ ಚಿಕ್ಕದಾಯಿತು. ಅವನು ಈಗ ಚೆಂಡನ್ನು ಬಿಟ್ಟು ನಮ್ಮ ಕಡೆಗೆ ತಿರುಗಿದ್ದ, ಕೈಕಾಲು ಬಡಿಯುತ್ತಿದ್ದ, ಆದರೆ ಇದ್ದಲ್ಲಿಂದ ಮುಂದಕ್ಕೆ ಬರುತ್ತಿರಲಿಲ್ಲ. ದಂಡೆಯಲ್ಲಿ ನಮಗೆ ತಾಗದಿದ್ದ ಗಾಳಿ ಅಲ್ಲಿ ಮನೆಗಳ ಮರೆಯನ್ನು ದಾಟಿ ನೀರಿಗೆ ಇಳಿದಿತ್ತು. ಸಣ್ಣ ಸಣ್ಣ ತೆರೆಗಳು ಅವನ ಮುಖಕ್ಕೆ ಬಡಿಯುತ್ತಿದ್ದವು. ಇನ್ನೂ ಆಚೆಗೆ ನೀರು ಕಪ್ಪಾಗಿ, ಬಿಳಿಯ ನೊರೆ ಎದ್ದು ಆಫ್ರಿಕದ ಕಡೆಗೆ ಓಡುತ್ತಿತ್ತು. ಆ ದಿಕ್ಕಿನಲ್ಲಿ ಲಿಬಿಯಾ ದೇಶದವರೆಗೆ ದೊಡ್ಡ ನೆಲವೆಂಬುದಿಲ್ಲ.

ಸೊಸೆ ಕಂಠದವರೆಗೆ ನೀರಿನಲ್ಲಿ ಹೋಗಿ ನಿಂತು ಮಗನ ಹೆಸರು ಹಿಡಿದು ಕೂಗುತ್ತಿದ್ದಳು. ನಮ್ಮ ಮನೆಯವರು ಕೂಗಲಿಲ್ಲ. ಡಬ್ಬಿಯನ್ನು ಎದೆಗೆ ಅವಚಿಕೊಂಡು ನೀರಿನ ಅಂಚಿನಲ್ಲಿ ಕಲ್ಲಿನಂತೆ ನಿಂತುಬಿಟ್ಟರು.

ಮಗ ಹುಡುಗನನ್ನು ಮುಟ್ಟಿದ. ಆದರೆ ಅವನನ್ನು ಹಿಡಿದುಕೊಂಡು ಗಾಳಿಗೆದುರಾಗಿ ದಂಡೆಗೆ ಬರಲು ಹೆಣಗಲಿಲ್ಲ. ಓರೆಯಾಗಿ ಸರಿದು ಕೊನೆಯ ಮೀನುದೋಣಿಯ ಲಂಗರಿನ ಹಗ್ಗವನ್ನು ಹಿಡಿದ. ಇಬ್ಬರೂ ಅದಕ್ಕೆ ಜೋತುಬಿದ್ದರು. ಅಷ್ಟರಲ್ಲಿ ಯಾಯಾಳ ಕೂಗಿಗೆ ಕಾಫಿಯಂಗಡಿಯಿಂದ ಎದ್ದುಬಂದ ಒಬ್ಬಾತ ಸಣ್ಣ ಮೋಟಾರು ದೋಣಿಯನ್ನು ತಳ್ಳಿಕೊಂಡು ಹೋಗಿ ಇಬ್ಬರನ್ನೂ ಎತ್ತಿ ಹಾಕಿಕೊಂಡ. ಎಲ್ಲ ಸೇರಿ ಹದಿನೈದು ನಿಮಿಷ ಆಗಿರಬಹುದು. ಆತ ದಂಡೆಗೆ ಬಂದು ಹುಡುಗನ ತಲೆಯನ್ನು ಸವರಿ, ದುಡ್ಡು ಕೊಡಹೋದರೆ ಸಿಟ್ಟು ಮಾಡಿಕೊಂಡು, ತಣ್ಣಗಾಗಿರಬಹುದಾದ ತನ್ನ ಕಾಫಿಗೆ ಹಿಂದಿರುಗಿದ. ಚೆಂಡು ಮಾತ್ರ ಕೆಂಪು ಚುಕ್ಕೆಯಾಗಿ ಬಹಳ ಹೊತ್ತು ಕಾಣುತ್ತಿತ್ತು.

ಆ ರಾತ್ರಿ ಊಟಕ್ಕೆ ಯಾರಿಗೂ ಮನಸ್ಸಿರಲಿಲ್ಲ. “ನಾಳಿಯಿಂದ ನೀರಿಗೆ ಇಳಿಯೂದು ಬ್ಯಾಡ. ಟಿಕೀಟು ಮುಂದ ಸಿಕ್ಕರ ನೋಡು, ಹೋಗಿಬಿಡೂಣು,” ಎಂದು ನಮ್ಮ ಮನೆಯವರು ಮಗನಿಗೆ ಹೇಳಿದರು. ಮಗ, “ಹಾಂಗ ಹೆದರಿಸಿದರ ಅವ ಜನ್ಮದಾಗ ನೀರಿಗೆ ಇಳಿಯೂದಿಲ್ಲ ಅವ್ವಾ,” ಎಂದ. ಮಾತು ಬೆಳೆಯಿತು. ದೂರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೂ ಊರಿನಲ್ಲಿ ಕುಳಿತು ಕಾಯುವವರಿಗೂ ನಡುವೆ ಇರುವ ಹಳೆಯ ಮಾತುಗಳೆಲ್ಲ ಅಂದು ಒಂದರ ಹಿಂದೊಂದು ಹೊರಬಂದವು. ಅವನ್ನು ಇಲ್ಲಿ ಬರೆಯಬೇಕಾಗಿಲ್ಲ. ಇಂಥ ಮನೆಗಳಲ್ಲಿ ಇರುವ ಓದುಗರಿಗೆ ತಿಳಿದೇ ಇರುತ್ತವೆ. ಹುಡುಗ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ.

ಮರುದಿನ ಬೆಳಿಗ್ಗೆ ಯಾಯಾ ಮೇಲೆ ಬಂದಳು. ಕೈಯಲ್ಲಿ ದಾಕೋಸ್ ಎಂಬ ತಿನಿಸು. ಜವೆಗೋಧಿಯ ಗಟ್ಟಿ ರೊಟ್ಟಿಯನ್ನು ತುಸು ನೆನೆಸಿ ಮೇಲೆ ತುರಿದ ಟೊಮೆಟೊ, ಬಿಳಿಯ ಗಿಣ್ಣು, ಆಲಿವ್ ಎಣ್ಣೆ ಹಾಕಿರುತ್ತಾರೆ. ನಮ್ಮ ಖಡಕ್ ರೊಟ್ಟಿಯ ಸೋದರನೇ ಸರಿ. ನಮ್ಮ ಮನೆಯವರು ಪ್ರತಿಯಾಗಿ ಜೋಳದ ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕೊಟ್ಟರು. ಯಾಯಾ ರೊಟ್ಟಿಯನ್ನು ಮುರಿದು ಸದ್ದು ಕೇಳಿ ತಲೆದೂಗಿದಳು. ಆಮೇಲೆ ಕಿಟಕಿಯ ಹೊರಗೆ ಬೆಟ್ಟದ ಏಣನ್ನು ತೋರಿಸಿ ಏನೋ ಹೇಳಿದಳು. ಅಲ್ಲಿ ಕಲ್ಲು ಹಾಸಿದ ದುಂಡನೆಯ ಜಾಗವೊಂದಿತ್ತು. ಮಗನಿಗೆ ಆ ಶಬ್ದ ತಿಳಿಯಲಿಲ್ಲ. ಆಗ ಆಕೆ ಎದ್ದು ನಿಂತು, ಎರಡೂ ಕೈಗಳನ್ನು ಎತ್ತಿ, ಬುಟ್ಟಿಯಿಂದ ಏನನ್ನೋ ಮೆಲ್ಲನೆ ಸುರಿದಂತೆ ಅಭಿನಯಿಸಿದಳು.

“ಕಣ!” ಎಂದರು ನಮ್ಮ ಮನೆಯವರು. “ತೂರೂದು ತೋರಸಾಕತ್ತಾಳ.”

ರೋಣದ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನಮ್ಮ ಮನೆಯವರು ಹದಿನೆಂಟನೆಯ ವಯಸ್ಸಿನವರೆಗೆ ರಾಶಿಯ ಕಾಲದಲ್ಲಿ ಕಣದ ಕೆಲಸ ಮಾಡಿದವರು. ಗಾಳಿ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ನೋಡಿಯೇ ತೂರಲು ನಿಲ್ಲುವ ಜಾಗವನ್ನು ಗೊತ್ತುಮಾಡಬೇಕು. ಕ್ರೀಟಿನ ಒಕ್ಕಲಿಗರೂ ಹಾಗೆಯೇ ಗಾಳಿ ಸಿಗುವ ಏಣುಗಳ ಮೇಲೆ ಕಣ ಮಾಡುತ್ತಿದ್ದರು. ಇಬ್ಬರು ಮುದುಕಿಯರ ನಡುವೆ ಇನ್ನು ಮಗನ ಭಾಷಾಂತರ ಬೇಕಾಗಲಿಲ್ಲ.

ಹುಡುಗನನ್ನೂ ಕರೆದುಕೊಂಡು ಇಬ್ಬರೂ ದಂಡೆಗೆ ಹೋದರು, ನಾವೆಲ್ಲ ಹಿಂಬಾಲಿಸಿದೆವು. ಯಾಯಾ ಒಣ ಉಸುಕನ್ನೂ ಒಣಗಿದ ಎಲೆಯ ಪುಡಿಯನ್ನೂ ಕೂಡಿಸಿ ತಲೆಯ ಮೇಲಿನಿಂದ ಸುರಿದಳು. ಉಸುಕು ಕಾಲ ಬಳಿ ಬಿತ್ತು, ಪುಡಿ ನೀರಿನ ಕಡೆಗೆ ಹಾರಿತು. ನಮ್ಮ ಮನೆಯವರು ಮೊಮ್ಮಗನಿಗೆ, “ನೋಡು ತಮ್ಮಾ, ನಿನ್ನ ಚೆಂಡು ಹೊಟ್ಟಿದ್ದಾಂಗ, ಗಾಳಿ ಒಯ್ತದ. ನೀ ಕಾಳಿದ್ದಾಂಗ. ಹೊಟ್ಟಿನ ಹಿಂದ ಕಾಳು ಓಡಿದರ ಸಿಕ್ಕೀತೇನು?” ಎಂದರು. ಹುಡುಗ ಕನ್ನಡವನ್ನು ಅರ್ಧ ಮಾತ್ರ ಬಲ್ಲವನು. ಆದರೂ ತಲೆಯಾಡಿಸಿ, ತಾನೂ ಒಂದು ಹಿಡಿ ಸುರಿದು ನೋಡಿದ.

ಆಮೇಲೆ ಯಾಯಾ ತೋರಿಸಿದ್ದು ದೋಣಿಗಳನ್ನು. ಲಂಗರು ಹಾಕಿದ ದೋಣಿ ಗಾಳಿ ಬರುವ ಕಡೆಗೆ ಮೂತಿ ಮಾಡಿ ನಿಲ್ಲುತ್ತದೆ. ಅದು ನೆಲದ ಕಡೆಗೆ ನೋಡುತ್ತಿದ್ದರೆ ಗಾಳಿ ಸಮುದ್ರಕ್ಕೆ ಹೋಗುತ್ತಿದೆಯೆಂದು ಅರ್ಥ. ದಂಡೆಯ ನೀರು ನುಣುಪಾಗಿದ್ದು ದೂರದಲ್ಲಿ ನೊರೆ ಕಂಡರೂ ಅದೇ ಅರ್ಥ. ಅಂಥ ದಿನ ಗಾಳಿ ತುಂಬಿದ ಚೆಂಡು, ಹಾಸಿಗೆ, ಬಳೆ ಯಾವುದನ್ನೂ ನೀರಿಗೆ ಒಯ್ಯಬಾರದು. ಕೈತಪ್ಪಿ ಹೋದದ್ದನ್ನು ಹೋಗಗೊಡಬೇಕು. ಸಾಧಾರಣ ಈಜುಗಾರ ಗಂಟೆಗೆ 2–3 ಕಿ.ಮೀ. ಈಜಿಯಾನು, ಚೆಂಡಿಗೆ ಆ ಮಿತಿಯಿಲ್ಲ. ಒಂದು ವೇಳೆ ಗಾಳಿಹಾಸಿಗೆಯ ಮೇಲೆಯೇ ತೇಲಿಹೋದರೆ ಅದನ್ನು ಬಿಟ್ಟು ಈಜಲು ಹೋಗದೆ, ಅದರ ಮೇಲೆ ಮಲಗಿ ಕೈ ಬೀಸುತ್ತಿರಬೇಕು; ತೇಲುವ ವಸ್ತು ದೂರದಿಂದ ಕಾಣುತ್ತದೆ, ಒಂಟಿ ತಲೆ ಕಾಣುವುದಿಲ್ಲ. ದಂಡೆಯಲ್ಲಿದ್ದವರು ಎಲ್ಲರೂ ಹಿಂದೆ ಧುಮುಕದೆ, ಒಬ್ಬರಾದರೂ ಕಣ್ಣು ಕೀಳದೆ ನೋಡುತ್ತ ಸಹಾಯಕ್ಕೆ ಕರೆಯಬೇಕು. ಗ್ರೀಸಿನ ಕರಾವಳಿ ಕಾವಲಿನವರ ದೂರವಾಣಿ ಸಂಖ್ಯೆ 108 ಎಂದು ಕೇಳಿ ನಮಗೆ ಸೋಜಿಗವಾಯಿತು. ನಮ್ಮಲ್ಲಿ ಆಂಬುಲೆನ್ಸಿಗೂ ಅದೇ ಸಂಖ್ಯೆ.

ಬಯಲುಸೀಮೆಯವರಾದ ನಮಗೆ ಸಮುದ್ರವೆಂದರೆ ತೆರೆಯ ಭಯವೊಂದೇ ಗೊತ್ತು. ತೆರೆಯೂ ಹುಸಿ ಭಯವಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮೀನುಗಾರರೇ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳನ್ನು ದಡದಲ್ಲಿ ನಿಲ್ಲಿಸುತ್ತಾರೆ. ಮಳೆಗಾಲವಲ್ಲದ 2024ರ ಡಿಸೆಂಬರಿನಲ್ಲಿಯೂ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ತೆರೆಗಳ ಪಾಲಾದರು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆದರೆ ತೆರೆಯಿಲ್ಲದ ನೀರನ್ನೂ ಅನುಮಾನದಿಂದ ನೋಡಬೇಕೆಂದು ನಮಗೆ ಕಲಿಸಿದ್ದು ಕ್ರೀಟ್.

ಟಿಕೀಟನ್ನು ಮುಂದಕ್ಕೆ ತರುವ ಮಾತು ಮತ್ತೆ ಬರಲಿಲ್ಲ. ದಿನವೂ ಬೆಳಿಗ್ಗೆ ಅಜ್ಜಿ ಮೊಮ್ಮಗ ಇಬ್ಬರೂ ದೋಣಿಗಳನ್ನು ನೋಡಿಬಂದು ಆ ದಿನ ಯಾವ ದಂಡೆಯೆಂದು ಹೇಳುತ್ತಿದ್ದರು. ಅಲ್ಲಿ ಗಾಳಿಯನ್ನು ಎಲ್ಲರೂ ಬೊಫೋರ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಬ್ಯೂಫೋರ್ಟ್ ಎಂಬ ಆಂಗ್ಲ ನೌಕಾಧಿಕಾರಿ 1805ರಲ್ಲಿ ಮಾಡಿದ ಅಳತೆಯದು, ಸೊನ್ನೆಯಿಂದ ಹನ್ನೆರಡರವರೆಗೆ. ಆರೆಂದರೆ ಗಂಟೆಗೆ 39ರಿಂದ 49 ಕಿ.ಮೀ.; ಏಳೆಂದರೆ 50ರಿಂದ 61. ತರಕಾರಿ ಮಾರುವವನೂ “ಇಂದು ಆರು, ನಾಳೆ ಏಳು” ಎನ್ನುತ್ತಾನೆ. ನಮ್ಮ ಮನೆಯವರು ಅಂಕಿಗಳನ್ನು ಲೆಕ್ಕಿಸದೆ “ಇವತ್ತಿನ ಗಾಳಿಗೆ ಜ್ವಾಳ ತೂರಬಹುದು, ಸಜ್ಜಿ ತೂರಾಕ ಆಗೂದಿಲ್ಲ” ಎಂಬ ತಮ್ಮದೇ ಅಳತೆಯನ್ನು ಮಾಡಿಕೊಂಡರು. ಅದೂ ತಪ್ಪುತ್ತಿರಲಿಲ್ಲ.

ಎಲಫೊನಿಸಿಗೆ ಹೋಗಬೇಕೆಂದ ದಿನ ದೋಣಿ ಹೊರಡಲಿಲ್ಲ. ಬೆಟ್ಟದ ರಸ್ತೆಯಲ್ಲಿ ಸುತ್ತಿ ಹೋದೆವು. ಮೊಣಕಾಲುದ್ದದ ನೀರಿನಲ್ಲಿ ನಡೆದೇ ಒಂದು ಪುಟ್ಟ ನಡುಗಡ್ಡೆಯನ್ನು ತಲುಪುವ ಜಾಗವದು. ಕಡಲ ಜೀವಿಗಳ ಚಿಪ್ಪಿನ ಪುಡಿ ಬೆರೆತು ಉಸುಕು ಅಲ್ಲಲ್ಲಿ ನಸುಗೆಂಪಾಗಿದೆ. ಅದನ್ನು ಒಯ್ಯುವುದಕ್ಕೆ ನಿಷೇಧವಿದೆ. ಗಾಳಿ ಅಂದು ಮಾತನ್ನೇ ಬಾಯಿಂದ ಕಸಿದುಕೊಂಡು ಹೋಗುತ್ತಿತ್ತು. ಜನರು ಚಿತ್ರ ತೆಗೆಸಿಕೊಳ್ಳುವ ಗದ್ದಲದಲ್ಲಿದ್ದರು. ಸ್ವಲ್ಪ ಮೇಲಕ್ಕೆ ಹೋದರೆ ಒಂದು ಸ್ಮಾರಕ ಫಲಕ. 1824ರ ಏಪ್ರಿಲಿನಲ್ಲಿ ತುರ್ಕರ ಸೈನ್ಯಕ್ಕೆ ಅಂಜಿ ಆ ನಡುಗಡ್ಡೆಯಲ್ಲಿ ಅಡಗಿದ್ದ ನೂರಾರು ಜನರು, ಬಹುತೇಕ ಹೆಂಗಸರು ಮಕ್ಕಳು, ಅಲ್ಲಿಯೇ ಹತರಾದರು. ನೀರು ಆಳವಿಲ್ಲದ್ದರಿಂದ ಸೈನಿಕರೂ ನಮ್ಮಂತೆಯೇ ನಡೆದು ದಾಟಿದರು. ಫಲಕದ ಮುಂದೆ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಸೊಸೆ ಅದರ ಕಥೆಯನ್ನು ಮಗನಿಗೆ ಹೇಳಿದಳೋ ಇಲ್ಲವೋ, ನಾವು ಕೇಳಲಿಲ್ಲ.

ಬಾಲೋಸ್ ಎಂಬ ಹೆಸರಾಂತ ಜಾಗವನ್ನು ಗಾಳಿಯ ಕಾರಣದಿಂದಲೇ ಬಿಟ್ಟೆವು. ಪಶ್ಚಿಮ ತೀರದ ಫಲಸರ್ನಾವನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಅಲ್ಲಿ ಒಂದು ಪ್ರಾಚೀನ ಬಂದರು ಈಗ ಒಣ ನೆಲದಲ್ಲಿದೆ. ಕ್ರಿ.ಶ. 365ರ ಜುಲೈ 21ರಂದು ಆದ ಮಹಾಭೂಕಂಪದಲ್ಲಿ ದ್ವೀಪದ ಆ ಅಂಚೆಲ್ಲ ಮೇಲೆದ್ದಿತು; ಫಲಸರ್ನಾದಲ್ಲಿ ನೆಲ 6 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿತು. ಹಡಗು ಕಟ್ಟುತ್ತಿದ್ದ ಕಲ್ಲುಗಳ ಸುತ್ತ ಈಗ ಒಣಹುಲ್ಲು.

ದಂಡೆಯಲ್ಲಿ ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತಿತ್ತು. ತೆರೆಗಳು ದೊಡ್ಡವಾಗಿದ್ದವು; ಕಾವಲಿನವರು ಕೆಂಪು ಬಾವುಟ ಏರಿಸಿದ್ದರು. ಈಜುವಂತಿರಲಿಲ್ಲ, ಯಾರೂ ಈಜಲೂ ಇಲ್ಲ. ಮೊಮ್ಮಗ ದಾರಿಯ ಅಂಗಡಿಯಲ್ಲಿ ಹೊಸದೊಂದು ಚೆಂಡನ್ನು ಕೊಡಿಸಿಕೊಂಡಿದ್ದ. ತೆರೆ ತಲುಪದಷ್ಟು ದೂರ ಒಣ ಉಸುಕಿನ ಮೇಲೆ ನಿಂತು, ಒಂದು ಹಿಡಿ ಉಸುಕು ಸುರಿದು ನೋಡಿ, “ಆಯೀ, ಇಲ್ಲಿ ಆಡಬಹುದು,” ಎಂದ. ನಮ್ಮ ಮನೆಯವರು ಗಾಳಿಗೆ ಬೆನ್ನು ಮಾಡಿ ಕುಳಿತು ಉಳಿದ ರೊಟ್ಟಿಗಳನ್ನು ಹಂಚುತ್ತಿದ್ದರು. ರೊಟ್ಟಿಗಿಂತ ಹೆಚ್ಚು ಉಸುಕೇ ಬಾಯಿಗೆ ಬರುತ್ತಿತ್ತು. ಹುಡುಗ ಸಮುದ್ರದ ಕಡೆಗೆ ಎಷ್ಟು ಜೋರಾಗಿ ಒದ್ದರೂ ಚೆಂಡು ಗಾಳಿಯಲ್ಲಿ ಒಂದು ಕ್ಷಣ ನಿಂತು, ತಿರುಗಿ ಉರುಳುತ್ತ ಬಂದು ಅಜ್ಜಿಯ ಬೆನ್ನಿಗೆ ಬಡಿಯುತ್ತಿತ್ತು.